ದುಡಿಯುವ ಸ್ನಾಯು, ದಣಿಯುವ ಸ್ನಾಯು

ಗೊಬ್ಬರಕ್ಕೆ ಎಷ್ಟು ಖರ್ಚಾಯಿತು, ಮೈಲುತುತ್ತ ಎಷ್ಟು ಕಿಲೋ ಹಿಡಿಯಿತು, ಕಣಕ್ಕೆ ಎಷ್ಟು ಹಣ್ಣು ಬಂದು ಬಿತ್ತು ಎಂಬ ಲೆಕ್ಕವನ್ನು ನಮ್ಮ ಸದಸ್ಯರಲ್ಲಿ ಬಹುಮಂದಿ ಚೆನ್ನಾಗಿಯೇ ಇಡುತ್ತಾರೆ. ಪಂಪ್‌ಸೆಟ್ಟಿನ ಎಣ್ಣೆ ಬದಲಾಯಿಸಿದ ತಾರೀಖು ಕೂಡ ಕೆಲವರ ಪುಸ್ತಕದಲ್ಲಿ ಸಿಗುತ್ತದೆ. ಆದರೆ ತೋಟದಲ್ಲಿ ದಿನವಿಡೀ ದುಡಿಯುವ ಮನುಷ್ಯದೇಹದ ಬಗ್ಗೆ ಮಾತ್ರ ನಮ್ಮಲ್ಲಿ ಲೆಕ್ಕವಿಲ್ಲ. ಅದು ನಡೆದರೆ ‘ಗಟ್ಟಿ ಆಳು’ ಎನ್ನುತ್ತೇವೆ, ನಿಂತರೆ ‘ಮೈಗಳ್ಳ’ ಎನ್ನುತ್ತೇವೆ. ಈ ಎರಡು ಮಾತುಗಳ ನಡುವೆ ಇರುವ ಸಂಗತಿಯೇ ದಣಿವು.

ದಣಿವೆಂಬುದು ಗುಣದೋಷವಲ್ಲ. ಅದು ಸ್ನಾಯುವಿನೊಳಗೆ ನಡೆಯುವ ಒಂದು ವ್ಯಾಪಾರ. ಅದಕ್ಕೆ ಕ್ರಮವಿದೆ, ಅಳತೆಯಿದೆ. ಯಾವ ಕೆಲಸದಲ್ಲಿ ಯಾವ ಸ್ನಾಯು ಬೇಗ ಸೋಲುತ್ತದೆ, ಸೋತದ್ದು ಎಷ್ಟು ಹೊತ್ತಿಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ತಿಳಿದವರು ಅದೇ ದಿನದಲ್ಲಿ, ಅಷ್ಟೇ ಜನರಿಂದ, ಹೆಚ್ಚು ಕೆಲಸವನ್ನು ಕಡಿಮೆ ಅಪಾಯದಲ್ಲಿ ಮುಗಿಸಬಲ್ಲರು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಆಳು ಸಿಗದ ದಿನ ತಾವೇ ಬುಟ್ಟಿ ಕಟ್ಟಿಕೊಳ್ಳುವವರು, ತಾವೇ ಏಣಿ ಹತ್ತುವವರು. ಆದುದರಿಂದ ಇದು ಆಳಿನ ಮೈಯ ವಿಷಯ ಮಾತ್ರವಲ್ಲ, ಯಜಮಾನನ ಮೈಯ ವಿಷಯವೂ ಹೌದು. ಕೊಯ್ಲು ಆರಂಭವಾಗುವ ಮೊದಲು ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದೆಂದು ನಾವು ಭಾವಿಸಿದ್ದೇವೆ.

ಮೂರು ಬಗೆಯ ಸ್ನಾಯುಗಳು

ನಮ್ಮ ದೇಹದಲ್ಲಿ ಮೂರು ಬಗೆಯ ಸ್ನಾಯುಗಳಿವೆ. ಮೊದಲನೆಯದು ಹೃದಯದ ಸ್ನಾಯು. ಎರಡನೆಯದು ಜಠರ, ಕರುಳು, ರಕ್ತನಾಳಗಳ ಗೋಡೆಗಳಲ್ಲಿರುವ ನುಣುಪು ಸ್ನಾಯು. ಇದು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ನಿಧಾನವಾಗಿ ಬಿಗಿಯುತ್ತದೆ, ಬಹಳ ಕಡಿಮೆ ಶಕ್ತಿಯಲ್ಲಿ ಬಹಳ ಹೊತ್ತು ಬಿಗಿಹಿಡಿದು ನಿಲ್ಲುತ್ತದೆ. ಮೂರನೆಯದು ಎಲುಬಿಗೆ ಅಂಟಿಕೊಂಡು ಕೈಕಾಲು ಆಡಿಸುವ ಸ್ನಾಯು. ಇಂಥ ಸ್ನಾಯುಗಳು ದೇಹದಲ್ಲಿ ಆರುನೂರಕ್ಕೂ ಹೆಚ್ಚು. ಹಣ್ಣು ಕೊಯ್ಯುವುದು, ಕಳೆ ಕೊಚ್ಚುವುದು, ಮೂಟೆ ಹೊರುವುದು ಎಲ್ಲವೂ ಇವುಗಳ ಕೆಲಸ.

ಇವುಗಳಲ್ಲಿ ಹೃದಯ ದಣಿಯುವುದಿಲ್ಲವೇಕೆ ಎಂದು ಯಾರಾದರೂ ಕೇಳಬಹುದು. ನಿಮಿಷಕ್ಕೆ 70ರಂತೆ ಬಡಿದರೂ ದಿನಕ್ಕೆ ಒಂದು ಲಕ್ಷ ಬಡಿತವಾಗುತ್ತದೆ. ಹೃದಯದ ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳೆಂಬ ಸಣ್ಣ ಒಲೆಗಳು ಕೋಶದ ಸುಮಾರು ಮೂರನೆಯ ಒಂದು ಪಾಲು ಜಾಗವನ್ನು ತುಂಬಿಕೊಂಡಿವೆ. ಇದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಹೆಚ್ಚು ಉಪಯುಕ್ತವಾದದ್ದು. ಸುಮ್ಮನೆ ಕುಳಿತಿರುವಾಗ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು ಹಿಡಿಯುತ್ತದೆ. ಅದರಲ್ಲಿ ಹೃದಯ ಬಿಗಿಯುವುದು ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಅದು ಸಡಿಲಾಗಿರುತ್ತದೆ. ಆ ಸಡಿಲಿನಲ್ಲಿಯೇ ಅದರ ಸ್ವಂತ ರಕ್ತನಾಳಗಳಲ್ಲಿ ರಕ್ತ ಹೆಚ್ಚಾಗಿ ಹರಿಯುತ್ತದೆ. ದಣಿಯದ ಸ್ನಾಯುವೆಂದು ನಾವು ಹೊಗಳುವ ಹೃದಯವೇ ದುಡಿದದ್ದಕ್ಕಿಂತ ಹೆಚ್ಚು ಹೊತ್ತು ವಿರಮಿಸುತ್ತದೆ. ದಣಿದ ಮೇಲೆ ವಿರಮಿಸುವುದಲ್ಲ, ದಣಿಯುವ ಮುನ್ನವೇ, ಪ್ರತಿ ಬಡಿತಕ್ಕೂ ಒಮ್ಮೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಕೆಂಪು ತಂತು, ಬಿಳಿ ತಂತು

ಕೈಕಾಲಿನ ಸ್ನಾಯುಗಳೆಲ್ಲ ಒಂದೇ ಜಾತಿಯವಲ್ಲ. ಕೋಳಿ ತಿನ್ನುವ ಮನೆಗಳಲ್ಲಿ ಇದು ಗೊತ್ತಿರುವ ವಿಷಯವೇ. ಕೋಳಿಯ ಕಾಲಿನ ಮಾಂಸ ಕೆಂಪಗಿರುತ್ತದೆ, ಎದೆಯ ಮಾಂಸ ಬಿಳುಪು. ಸಸ್ಯಾಹಾರಿ ಸದಸ್ಯರು ಕೋಳಿಯನ್ನು ಅಂಗಳದಲ್ಲಿ ಕಂಡಿದ್ದರೂ ಸಾಕು. ಅದು ದಿನವಿಡೀ ನಡೆದಾಡಿ ಕೆದಕುತ್ತದೆ; ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ ಪಟಪಟನೆ ರೆಕ್ಕೆ ಬಡಿದು ಬೇಲಿ ಹಾರುತ್ತದೆ, ಹೆಚ್ಚು ದೂರ ಹಾರಲಾರದೆ ಇಳಿಯುತ್ತದೆ. ದಿನವಿಡೀ ದುಡಿಯುವ ಕಾಲು ಕೆಂಪು. ಗಳಿಗೆ ಹೊತ್ತು ದುಡಿಯುವ ಎದೆ ಬಿಳುಪು. ದೂರ ದೂರ ಹಾರುವ ಪಾರಿವಾಳದಲ್ಲಿ ಎದೆಯ ಮಾಂಸವೂ ಕೆಂಪೇ.

ಈ ಬಣ್ಣಕ್ಕೂ ವೇಗಕ್ಕೂ ಸಂಬಂಧವಿದೆಯೆಂದು ಫ್ರಾನ್ಸಿನ ವಿಜ್ಞಾನಿ ಲೂಯಿ ರಾನ್ವಿಯೆ 1873ರಲ್ಲಿ ತೋರಿಸಿದರು. ಕೆಂಪು ಸ್ನಾಯು ನಿಧಾನವಾಗಿ ಬಿಗಿಯುತ್ತದೆ, ಬಿಳಿಯದು ಚುರುಕಾಗಿ ಬಿಗಿಯುತ್ತದೆ. ಕೆಂಪು ಬಣ್ಣಕ್ಕೆ ಕಾರಣ ಆಮ್ಲಜನಕವನ್ನು ಹಿಡಿದಿಡುವ ಮಯೊಗ್ಲೋಬಿನ್ ಎಂಬ ವಸ್ತು. ಅಲ್ಲದೆ ಕೆಂಪು ತಂತುಗಳ ಸುತ್ತ ರಕ್ತದ ಸೂಕ್ಷ್ಮನಾಳಗಳೂ ಹೆಚ್ಚು, ಒಳಗೆ ಮೈಟೊಕಾಂಡ್ರಿಯಗಳೂ ಹೆಚ್ಚು.

ಮನುಷ್ಯನಲ್ಲಿ ಪೂರ್ತಿ ಕೆಂಪು ಅಥವಾ ಪೂರ್ತಿ ಬಿಳಿ ಎಂಬ ಸ್ನಾಯು ಇಲ್ಲ. ಪ್ರತಿಯೊಂದರಲ್ಲೂ ಎರಡು ಬಗೆಯ ತಂತುಗಳು ನೂಲಿನಂತೆ ಬೆರೆತಿರುತ್ತವೆ, ಪ್ರಮಾಣದಲ್ಲಿ ವ್ಯತ್ಯಾಸ. ಮೀನಖಂಡದ ಒಳಭಾಗದಲ್ಲಿ, ನಾವು ನಿಂತಿರುವಾಗ ಮುಂದಕ್ಕೆ ಬೀಳದಂತೆ ತಡೆಯುವ ಒಂದು ಸ್ನಾಯುವಿದೆ. ಅದರಲ್ಲಿ ಸುಮಾರು 80 ಪಾಲು ನಿಧಾನ ತಂತುಗಳೇ. ತೊಡೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ತೋಳಿನ ಹಿಂಭಾಗದಲ್ಲಿ ವೇಗದ ತಂತುಗಳದೇ ಮೇಲುಗೈ. ನಿಧಾನ ತಂತು ಒಂದು ಸಲ ಪೂರ್ತಿ ಬಿಗಿಯಲು ಸುಮಾರು ಹತ್ತನೆಯ ಒಂದು ಸೆಕೆಂಡು ಹಿಡಿದರೆ, ವೇಗದ ತಂತುವಿಗೆ ಅದರ ಅರ್ಧ ಸಾಕು. ಬಲದಲ್ಲಿಯೂ ವೇಗದ್ದೇ ಮುಂದು. ಆದರೆ ದಣಿಯುವುದರಲ್ಲೂ ಅದೇ ಮುಂದು. ಇವೆರಡರ ಮಧ್ಯೆ, ಚುರುಕೂ ಇದ್ದು ಸ್ವಲ್ಪ ತಾಳಿಕೆಯೂ ಇರುವ ನಡುವಣ ತಂತುಗಳೂ ಇವೆ.

ಒಬ್ಬನಲ್ಲಿ ಯಾವ ತಂತು ಎಷ್ಟು ಎಂಬುದು ಒಂದು ಮಟ್ಟಿಗೆ ಹುಟ್ಟಿನಿಂದ ಬಂದದ್ದು. ಗಂಟೆಗಟ್ಟಲೆ ಒಂದೇ ಸಮನೆ ಹಣ್ಣು ಕೊಯ್ಯುವ ಹೆಂಗಸು ಮೂಟೆ ಎತ್ತಲಾರಳು, ಮೂಟೆಯನ್ನು ಒಂದೇ ಏಟಿಗೆ ಹೆಗಲಿಗೇರಿಸುವವನು ಮಧ್ಯಾಹ್ನದ ಹೊತ್ತಿಗೆ ಕೊಯ್ಲಿನಲ್ಲಿ ಹಿಂದೆ ಬೀಳುತ್ತಾನೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಅಭ್ಯಾಸ, ದೇಹದ ಗಾತ್ರ, ಕೈಚಳಕ ಇವೆಲ್ಲವೂ ಇದರಲ್ಲಿ ಸೇರಿವೆ. ತಂತುಗಳ ಪಾಲೂ ಸೇರಿದೆ. ಇಬ್ಬರಲ್ಲಿ ಯಾರೂ ಮೈಗಳ್ಳರಲ್ಲ.

ಯಾರನ್ನು ಮೊದಲು ಕರೆಯುವುದು?

ಮಿದುಳು ಕೆಲಸ ಹೇಳಿದಾಗ ಎಲ್ಲ ತಂತುಗಳೂ ಒಟ್ಟಿಗೆ ಎದ್ದು ಬರುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ವುಡ್ ಹೆನೆಮನ್ ಎಂಬ ವಿಜ್ಞಾನಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಇದರಲ್ಲೊಂದು ಕ್ರಮವಿದೆಯೆಂದು 1957ರಲ್ಲಿ ಹಾಗೂ 1965ರಲ್ಲಿ ಪ್ರಕಟಿಸಿದರು. ಹಗುರ ಕೆಲಸಕ್ಕೆ ಸಣ್ಣ ನರಕೋಶಗಳು ಮೊದಲು ಎಚ್ಚರಗೊಳ್ಳುತ್ತವೆ. ಅವುಗಳ ಕೈಕೆಳಗೆ ಇರುವುದು ನಿಧಾನ ತಂತುಗಳು. ಭಾರ ಹೆಚ್ಚಿದಂತೆ ನಡುವಣ ತಂತುಗಳು ಬರುತ್ತವೆ. ಭಾರ ಮಿತಿಮೀರಿದಾಗ ಮಾತ್ರ ಕೊನೆಯಲ್ಲಿ ವೇಗದ ತಂತುಗಳು.

ಮೇಸ್ತ್ರಿಯೊಬ್ಬ ಆಳುಗಳನ್ನು ಹೊರಡಿಸುವ ಕ್ರಮದಂತೆಯೇ ಇದು ಇದೆ. ದಿನನಿತ್ಯದ ಕೆಲಸಕ್ಕೆ ತಾಳಿಕೆಯವರು. ದೊಡ್ಡ ಮರ ಉರುಳಿಸಬೇಕಾದಾಗ ಮಾತ್ರ ಜಟ್ಟಿಗಳು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೆಲಸ ಹಗುರವೇ ಆಗಿದ್ದರೂ ಬಿಡುವಿಲ್ಲದೆ ಸಾಗಿದರೆ ಮೊದಲು ಬಂದ ತಂತುಗಳು ಸೋಲತೊಡಗುತ್ತವೆ. ಅವುಗಳ ಬದಲಿಗೆ ಮಿದುಳು ಮೇಲಿನ ದರ್ಜೆಯ ತಂತುಗಳನ್ನು ಕರೆಯಬೇಕಾಗುತ್ತದೆ. ಬೆಳಿಗ್ಗೆ ಹಗುರವೆನಿಸಿದ ಬುಟ್ಟಿ ಸಂಜೆ ಭಾರವೆನಿಸುವುದು ಈ ಕಾರಣದಿಂದ. ಬುಟ್ಟಿಯ ತೂಕ ಅಷ್ಟೇ ಇದೆ. ಅದನ್ನು ಹೊರಲು ಮೀಸಲು ಪಡೆಯನ್ನು ಕರೆಯಬೇಕಾಗಿದೆ. ಆ ಹೊತ್ತಿನಲ್ಲಿ ಕಾಲು ಜಾರಿದರೆ, ತಟ್ಟನೆ ಸಾವರಿಸಿಕೊಳ್ಳಲು ಬೇಕಾದ ವೇಗದ ತಂತುಗಳು ಆಗಲೇ ಸೋತಿರುತ್ತವೆ. ಸಂಜೆಯ ಕೆಲಸದಲ್ಲಿ ಎಚ್ಚರ ಹೆಚ್ಚು ಬೇಕೆಂದು ಹೇಳುವುದಕ್ಕೆ ಇದೊಂದು ಮುಖ್ಯ ಕಾರಣ.

ಶಕ್ತಿಯ ಜಮಾಖರ್ಚು

ಸ್ನಾಯು ಬಿಗಿಯಲು ಬೇಕಾದ ನಗದು ಹಣ ಎ.ಟಿ.ಪಿ. ಎಂಬ ವಸ್ತು. ಕೈಯಲ್ಲಿರುವ ನಗದು ಬಹಳ ಕಡಿಮೆ. ಜೋರಾದ ಕೆಲಸಕ್ಕೆ ಎರಡು ಮೂರು ಸೆಕೆಂಡಿಗೆ ಸಾಕಾಗುವಷ್ಟು ಮಾತ್ರ. ಅದನ್ನು ಒಡನೆಯೇ ತುಂಬಿಕೊಡಲು ಕ್ರಿಯಾಟಿನ್ ಫಾಸ್ಫೇಟ್ ಎಂಬ ಕೈಸಾಲವಿದೆ. ಅದೂ ಸುಮಾರು ಹತ್ತು ಸೆಕೆಂಡಿಗೆ ಬರಿದಾಗುತ್ತದೆ. ಮೂಟೆಯನ್ನು ನೆಲದಿಂದ ಹೆಗಲಿಗೇರಿಸುವುದು ಈ ಖಾತೆಯಿಂದ. ನಂತರದ್ದು ಸ್ನಾಯುವಿನಲ್ಲೇ ಶೇಖರವಾಗಿರುವ ಗ್ಲೈಕೊಜನ್ ಎಂಬ ಪಿಷ್ಟ. ವಯಸ್ಕನ ಸ್ನಾಯುಗಳಲ್ಲಿ ಒಟ್ಟು 300ರಿಂದ 500 ಗ್ರಾಮಿನಷ್ಟೂ ಯಕೃತ್ತಿನಲ್ಲಿ ಸುಮಾರು 100 ಗ್ರಾಮಿನಷ್ಟೂ ಇರುತ್ತದೆ. ಆಮ್ಲಜನಕ ಸಾಕಷ್ಟು ಸಿಕ್ಕರೆ ಈ ಸಕ್ಕರೆಯಿಂದ ಪೂರ್ತಿ ಶಕ್ತಿ ಹುಟ್ಟುತ್ತದೆ. ಸಿಗದಿದ್ದರೆ ಅದರ ಹದಿನೈದನೆಯ ಒಂದು ಪಾಲಿನಷ್ಟು ಮಾತ್ರ. ಕೊನೆಯದಾಗಿ ಕೊಬ್ಬು. ಅದರ ದಾಸ್ತಾನು ಬಹಳ, ಆದರೆ ಅದು ನಿಧಾನವಾಗಿ ಮಾತ್ರ ಉರಿಯುತ್ತದೆ.

ಆಮ್ಲಜನಕವಿಲ್ಲದೆ ಸಕ್ಕರೆ ಒಡೆದಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವೇ ದಣಿವಿಗೆ ಕಾರಣವೆಂದು ನಾವು ಕಾಲೇಜಿನಲ್ಲಿ ಓದಿದ್ದೆವು. ಸ್ನಾಯುವಿನಲ್ಲಿ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲ ಹುಟ್ಟುವ ಬಗೆಯನ್ನು ಶೋಧಿಸಿದ್ದಕ್ಕಾಗಿ ಎ. ವಿ. ಹಿಲ್ ಮತ್ತು ಆಟೋ ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಹುಮಾನವೂ ಸಂದಿದೆ. ಅವರ ಶೋಧ ಸುಳ್ಳಾಗಿಲ್ಲ. ಆದರೆ ಅದನ್ನು ಕೇವಲ ಕಸವೆಂದು ತಿಳಿದದ್ದು ಈಗ ಬದಲಾಗಿದೆ. ಒಂದು ಸ್ನಾಯುವಿನಲ್ಲಿ ಹುಟ್ಟಿದ ಲ್ಯಾಕ್ಟೇಟನ್ನು ಹೃದಯವೂ ಇತರ ಕೆಂಪು ತಂತುಗಳೂ ಇಂಧನವಾಗಿ ಉರಿಸುತ್ತವೆ. ಕೆಲಸ ನಿಲ್ಲಿಸಿದ ಒಂದು ಗಂಟೆಯೊಳಗೆ ಅದರ ಬಹುಪಾಲು ಕರಗಿಹೋಗುತ್ತದೆ. ಬಿಗಿಯುವ ಶಕ್ತಿ ಕುಗ್ಗುವುದಕ್ಕೆ ಕ್ರಿಯಾಟಿನ್ ಫಾಸ್ಫೇಟ್ ಒಡೆದು ಉಳಿಯುವ ಫಾಸ್ಫೇಟ್, ತಂತುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಲ್ಲಾಗುವ ಅಡಚಣೆ, ಬರಿದಾದ ಗ್ಲೈಕೊಜನ್, ಏರಿದ ಶಾಖ, ನರದ ಕರೆಯೇ ಸೊರಗುವುದು, ಹೀಗೆ ಹಲವು ಕಾರಣಗಳನ್ನು ಈಗ ಗುರುತಿಸಿದ್ದಾರೆ.

ಈ ಖಾತೆಗಳು ತುಂಬುವ ಅವಧಿಯೂ ಬೇರೆ ಬೇರೆ. ಕ್ರಿಯಾಟಿನ್ ಫಾಸ್ಫೇಟಿನ ಬಹುಪಾಲು ಮೂರರಿಂದ ಐದು ನಿಮಿಷದಲ್ಲಿ ಮತ್ತೆ ಸಿದ್ಧವಾಗುತ್ತದೆ. ಆದರೆ ಅದಕ್ಕೆ ರಕ್ತ ಹರಿಯುತ್ತಿರಬೇಕು. ರಕ್ತ ತಡೆದರೆ ತುಂಬುವುದೂ ನಿಲ್ಲುತ್ತದೆ. ಬರಿದಾದ ಗ್ಲೈಕೊಜನ್ ಪೂರ್ತಿ ತುಂಬಲು ಹೊಟ್ಟೆತುಂಬ ಅನ್ನವೋ ರೊಟ್ಟಿಯೋ ಮುದ್ದೆಯೋ ಬೇಕು, ಒಂದು ದಿನದಷ್ಟು ಕಾಲವೂ ಬೇಕು. ಬೆಳಿಗ್ಗೆ ಬರೀ ಕಾಫಿ ಕುಡಿದು ಗುಡ್ಡ ಹತ್ತಿದವರು ರಾತ್ರಿಯೇ ಅರ್ಧ ಖಾಲಿಯಾದ ಯಕೃತ್ತಿನ ಖಾತೆಯಿಂದ ಖರ್ಚು ಆರಂಭಿಸಿದಂತೆ.

ಕದಲದೆ ಹಿಡಿಯುವ ಕೆಲಸ

ರಕ್ತದ ಮಾತು ಬಂದುದರಿಂದ, ನಮ್ಮ ತೋಟಗಳಲ್ಲಿ ಅತ್ಯಂತ ಹೆಚ್ಚು ದಣಿಸುವ ಕೆಲಸ ಯಾವುದೆಂಬುದನ್ನು ಈಗ ಹೇಳಬಹುದು. ಅದು ಅಗತೆಯೂ ಅಲ್ಲ, ಗುಂಡಿ ತೆಗೆಯುವುದೂ ಅಲ್ಲ. ಕೈಯನ್ನು ಒಂದೇ ಭಂಗಿಯಲ್ಲಿ ಬಿಗಿಯಾಗಿ ಹಿಡಿದು ನಿಲ್ಲುವ ಕೆಲಸ.

ಗುದ್ದಲಿ ಹಾಕುವಾಗ ಸ್ನಾಯು ಬಿಗಿಯುತ್ತದೆ, ಸಡಿಲಾಗುತ್ತದೆ. ಪ್ರತಿ ಸಡಿಲಿನಲ್ಲೂ ಹೊಸ ರಕ್ತ ನುಗ್ಗುತ್ತದೆ. ಬಿಗಿಹಿಡಿದೇ ಇದ್ದರೆ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಒಲೆ ಉರಿಯುತ್ತಿರುವಾಗ ಗಾಳಿಕಿಂಡಿ ಮುಚ್ಚಿದಂತಾಗುತ್ತದೆ. ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ತನ್ನ ಪೂರ್ಣ ಬಲದ ಅರ್ಧದಷ್ಟನ್ನು ಬಿಡದೆ ಹಿಡಿದವನು ಸುಮಾರು ಒಂದು ನಿಮಿಷದಲ್ಲಿ ಸೋಲುತ್ತಾನೆ. ಬಲದ ಪಾಲು ಕಡಿಮೆಯಾದಂತೆ ತಾಳುವ ಕಾಲ ಬಹಳ ವೇಗವಾಗಿ ಹೆಚ್ಚುತ್ತದೆ.

ಅಡಿಕೆ ಮರ ಹತ್ತುವ ಕೊನೆಗಾರನನ್ನು ಈ ದೃಷ್ಟಿಯಿಂದ ನೋಡಿ. ಏರುವಾಗ ತೊಡೆ, ಕಾಲುಗಳು ಬಿಗಿದು ಸಡಿಲಾಗುತ್ತವೆ; ಅವಕ್ಕೆ ತಾಳಿಕೆಯಿದೆ. ಆದರೆ ತುದಿಯಲ್ಲಿ ಕುಳಿತು ಕೊನೆ ಕೊಯ್ಯುವಾಗ, ಔಷಧಿ ಹೊಡೆಯುವಾಗ, ಒಂದು ಮರದಿಂದ ಇನ್ನೊಂದನ್ನು ಎಳೆದು ಹಿಡಿಯುವಾಗ ಮುಂಗೈಯ ಸ್ನಾಯುಗಳು ಬಿಡುವಿಲ್ಲದೆ ಬಿಗಿದೇ ಇರುತ್ತವೆ. ಮಳೆಗಾಲದಲ್ಲಿ ಮರದ ಮೈ ಜಾರುವುದರಿಂದ ಹಿಡಿತಕ್ಕೆ ಇನ್ನೂ ಹೆಚ್ಚು ಬಲ ಬೇಕು. ಎಂದರೆ ದಣಿಯುವ ತಂತುಗಳಿಗೇ ಕರೆ. ಕಾಲು ಇನ್ನೂ ಗಟ್ಟಿಯಾಗಿರುವಾಗಲೇ ಬೆರಳು ಸೋಲುತ್ತದೆ. ಕಾಲು ಸೋತಾಗ ಮನುಷ್ಯ ಕೆಳಗಿಳಿಯುತ್ತಾನೆ; ಬೆರಳು ಸೋತಾಗ ಇಳಿಯುವ ಅವಕಾಶವಿರುವುದಿಲ್ಲ. ಕೆಳಗೆ ನಿಂತು ‘ಇನ್ನು ನಾಲ್ಕೇ ಮರ, ಮುಗಿಸಿಬಿಡು ಮಾರಾಯ’ ಎನ್ನುವ ಮಾತು ಎಷ್ಟು ಅಪಾಯದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ಕಡಿಮೆಯಾಗಿದೆ, ಸಂತೋಷ. ಆದರೆ ಕತ್ತು ಮೇಲೆತ್ತಿ, ತೋಳನ್ನು ಎತ್ತಿ ಹಿಡಿದು ನಿಲ್ಲುವುದೂ ಕದಲದ ಕೆಲಸವೇ. ಇಲ್ಲಿ ಸೋಲುವುದು ಹೆಗಲು ಮತ್ತು ಕತ್ತು. ಕಳೆ ಕೊಚ್ಚುವ ಯಂತ್ರ ಹಿಡಿದ ಕೈ, ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಾಗಿ ಕುಳಿತು ಅಡಿಕೆ ಸುಲಿಯುವ ಹೆಂಗಸರ ಬೆನ್ನು, ಏಣಿಯ ಮೇಲೆ ನಿಂತು ರೆಂಬೆ ಬಗ್ಗಿಸಿ ಹಿಡಿದ ಎಡಗೈ, ಇವೆಲ್ಲಕ್ಕೂ ಇದೇ ನಿಯಮ.

ಅರ್ಧ ಕೆಲಸ, ಕಾಲುಪಾಲು ವಿಶ್ರಾಂತಿ

ಇಟಲಿಯ ಟ್ಯೂರಿನ್ ನಗರದಲ್ಲಿದ್ದ ಆಂಜೆಲೊ ಮೋಸೊ ಎಂಬ ಶರೀರವಿಜ್ಞಾನಿ ದಣಿವನ್ನು ಅಳೆಯಲು ಎರ್ಗೋಗ್ರಾಫ್ ಎಂಬ ಉಪಕರಣ ಮಾಡಿದರು. ಕೈಯನ್ನು ಅಲುಗದಂತೆ ಕಟ್ಟಿ, ಮಧ್ಯದ ಬೆರಳಿಗೆ ದಾರ ಕಟ್ಟಿ, ದಾರದ ತುದಿಗೆ ತೂಕ ಇಳಿಬಿಟ್ಟು, ತಾಳಕ್ಕೆ ಸರಿಯಾಗಿ ಎತ್ತಿಸುವುದು; ಬೆರಳು ಎತ್ತಿದ ಎತ್ತರ ಕಾಗದದ ಮೇಲೆ ಗೆರೆಯಾಗಿ ಮೂಡುವುದು. ದಣಿವಿನ ಕುರಿತ ಅವರ ಪುಸ್ತಕ 1891ರಲ್ಲಿ ಪ್ರಕಟವಾಯಿತು.

ಮೋಸೊ ಅವರ ಸಹೋದ್ಯೋಗಿ ಮಜ್ಜೋರಾ ಅವರು ಈ ಉಪಕರಣದಿಂದ ಕಂಡುಕೊಂಡ ಒಂದು ಸಂಗತಿ ನೂರು ವರ್ಷ ದಾಟಿದರೂ ಹಳತಾಗಿಲ್ಲ. 30 ಸಲ ಎತ್ತಿ ಬೆರಳು ಪೂರ್ತಿ ಸೋತರೆ ಮೊದಲಿನ ಶಕ್ತಿ ಬರಲು ಎರಡು ಗಂಟೆ ಬೇಕಾಯಿತು. 15 ಸಲಕ್ಕೇ ನಿಲ್ಲಿಸಿದರೆ ಎಷ್ಟು ಬೇಕು? ಅರ್ಧ ಕೆಲಸಕ್ಕೆ ಅರ್ಧ, ಎಂದರೆ ಒಂದು ಗಂಟೆ ಎಂದು ನಮ್ಮ ಲೆಕ್ಕ. ಆದರೆ ಅರ್ಧ ಗಂಟೆಯೇ ಸಾಕಾಯಿತು. ಕೊನೆಯ ಹದಿನೈದು ಸಲದ ಬೆಲೆ ಮೊದಲ ಹದಿನೈದಕ್ಕಿಂತ ಮೂರು ಪಾಲು ಹೆಚ್ಚು! ಪೂರ್ತಿ ಸೋಲುವವರೆಗೆ ದುಡಿಸಿ ಒಮ್ಮೆ ದೀರ್ಘವಾಗಿ ಮಲಗಿಸುವುದಕ್ಕಿಂತ, ಅರ್ಧ ದಣಿಯುವಾಗಲೇ ಸ್ವಲ್ಪ ನಿಲ್ಲಿಸಿದರೆ ದಿನದ ಕೊನೆಗೆ ಕೆಲಸವೂ ಹೆಚ್ಚಾಗುತ್ತದೆ, ಮೈಯೂ ಉಳಿಯುತ್ತದೆ. ಬಡ್ಡಿ ಏರುವ ಮೊದಲೇ ಸಾಲದ ಕಂತು ಕಟ್ಟುವ ಸದಸ್ಯರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ನಮ್ಮ ಬೆಳೆಗೂ ಈ ಉಪಕರಣಕ್ಕೂ ಒಂದು ನಂಟಿದೆ. 1907ರಲ್ಲಿ ಇಂಗ್ಲೆಂಡಿನ ರಿವರ್ಸ್ ಮತ್ತು ವೆಬ್ಬರ್ ಎಂಬುವರು ಎರ್ಗೋಗ್ರಾಫ್ ಬಳಸಿ, ಕಾಫಿಯಲ್ಲಿರುವ ಕೆಫೀನ್ ಸ್ನಾಯುವಿನ ದುಡಿಮೆಯನ್ನು ಹೆಚ್ಚಿಸುತ್ತದೆಂದು ತೋರಿಸಿದರು. ದಣಿವಿನ ಸುದ್ದಿ ಮುಟ್ಟಿಸುವ ಅಡೆನೋಸಿನ್ ಎಂಬ ವಸ್ತುವಿಗೆ ಮಿದುಳಿನಲ್ಲಿ ಕೆಫೀನ್ ಅಡ್ಡ ನಿಲ್ಲುತ್ತದೆ ಎಂಬುದು ಈಗ ತಿಳಿದಿದೆ. ಹತ್ತು ಗಂಟೆಯ ಕಾಫಿ ಹುರುಪು ಕೊಡುವುದು ನಿಜ. ಆದರೆ ಅದು ಖಾಲಿಯಾದ ಗ್ಲೈಕೊಜನ್ನನ್ನು ತುಂಬುವುದಿಲ್ಲ. ಕಾಫಿಯ ಜೊತೆಗೆ ತಿಂಡಿಯೂ, ಐದು ಹತ್ತು ನಿಮಿಷ ಕುಳಿತುಕೊಳ್ಳುವುದೂ ಸೇರಿದರೆ ಮಾತ್ರ ಪೂರ್ಣ ಫಲ.

ಇಳಿಜಾರಿನ ನೋವು

ಕೊಯ್ಲು ಆರಂಭವಾದ ಎರಡನೆಯ, ಮೂರನೆಯ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟವಾಗುವುದು ಎಲ್ಲರಿಗೂ ಗೊತ್ತು. ಇದು ಲ್ಯಾಕ್ಟಿಕ್ ಆಮ್ಲದ ಕೆಲಸವಲ್ಲ. ಅದು ಹಿಂದಿನ ದಿನವೇ ಕರಗಿದೆ. ಸ್ನಾಯುವಿನಲ್ಲಾದ ಸೂಕ್ಷ್ಮ ಹರಿತವೇ ಕಾರಣವಿರಬಹುದೆಂದು ಅಮೆರಿಕದ ಥಿಯೊಡೋರ್ ಹಫ್ 1902ರಲ್ಲೇ ಹೇಳಿದ್ದರು. ಗುಡ್ಡ ಹತ್ತುವಾಗ ತೊಡೆಯ ಸ್ನಾಯು ಬಿಗಿದು ಕುಗ್ಗುತ್ತದೆ. ಮೂಟೆ ಹೊತ್ತು ಇಳಿಯುವಾಗ ಅದೇ ಸ್ನಾಯು ಬಿಗಿದಿರುವಾಗಲೇ ಎಳೆಯಲ್ಪಡುತ್ತದೆ. ಉಸಿರಿಗೆ ಏರು ಕಷ್ಟ, ತಂತುಗಳಿಗೆ ಇಳಿಜಾರು ಕಷ್ಟ. ನೋವು ಒಂದರಿಂದ ಮೂರು ದಿನದೊಳಗೆ ಏರಿ ತಾನಾಗಿ ಇಳಿಯುತ್ತದೆ. ಒಮ್ಮೆ ಹದವಾಗಿ ಈ ಕೆಲಸ ಮಾಡಿ ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ ಎಂಬುದು ಗಮನಾರ್ಹ. ಆದುದರಿಂದ ಮೊದಲ ಎರಡು ದಿನ ಸಮತಟ್ಟಿನ ಪಟ್ಟೆಗಳನ್ನೂ ಹಗುರ ಹೊರೆಯನ್ನೂ ಇಟ್ಟುಕೊಂಡರೆ ಮೂರನೆಯ ದಿನ ಆಳು ಬರಲಿಲ್ಲವೆಂದು ಪರದಾಡುವುದು ತಪ್ಪುತ್ತದೆ.

ಐವತ್ತು ದಾಟಿದ ಮೈ

ನಮ್ಮ ಸಂಘದ ಸಭೆಗಳಲ್ಲಿ ಈಗ ತಲೆ ನರೆತವರೇ ಹೆಚ್ಚು. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಮರಗಸಿ, ಗಿಡಗಸಿ, ಔಷಧಿ ಎಲ್ಲವೂ ಐವತ್ತು ಅರವತ್ತು ದಾಟಿದವರ ಮೇಲೆ ಬಿದ್ದಿದೆ. ಅವರು ಒಂದು ಮಾತನ್ನು ವಿಶೇಷವಾಗಿ ತಿಳಿದಿರಬೇಕು. ಐವತ್ತರ ನಂತರ ಸ್ನಾಯುವಿನ ಬಲ ವರ್ಷಕ್ಕೆ ನೂರಕ್ಕೆ ಒಂದು, ಒಂದೂವರೆ ಪಾಲಿನಂತೆ ಇಳಿಯುತ್ತದೆ. ಆದರೆ ಎಲ್ಲ ತಂತುಗಳೂ ಸಮನಾಗಿ ಸೊರಗುವುದಿಲ್ಲ. ವೇಗದ ತಂತುಗಳೇ ಮೊದಲು ಸೊರಗುತ್ತವೆ. ನಿಧಾನ ತಂತುಗಳು ಬಹುಕಾಲ ಉಳಿಯುತ್ತವೆ.

ಇದರಿಂದ ಒಂದು ಮೋಸವಾಗುತ್ತದೆ. ಅರವತ್ತರ ಹಿರಿಯರು ದಿನವಿಡೀ ತೋಟ ಸುತ್ತಬಲ್ಲರು, ಸಂಜೆಯವರೆಗೆ ಹಣ್ಣು ಕೊಯ್ಯಬಲ್ಲರು. ‘ನನಗೇನಾಗಿದೆ?’ ಎಂದು ಅವರಿಗೆ ಅನಿಸುವುದು ಸಹಜ. ಆದರೆ ಏಣಿಯ ಮೆಟ್ಟಿಲು ತಪ್ಪಿದಾಗ ಕಣ್ಣುಮಿಟುಕಿಸುವಷ್ಟರಲ್ಲಿ ಕಾಲನ್ನು ಸರಿಯಾದ ಕಡೆ ಊರುವ ಚುರುಕು ನಲವತ್ತರಲ್ಲಿ ಇದ್ದಂತೆ ಇರುವುದಿಲ್ಲ. ತಾಳಿಕೆ ಉಳಿದಿದೆ, ತಟ್ಟನೆ ಸಾವರಿಸುವ ಶಕ್ತಿ ಇಳಿದಿದೆ. ಆದುದರಿಂದ ಹಿರಿಯರು ನೆಲದ ಮೇಲಿನ ದೀರ್ಘ ಕೆಲಸಕ್ಕೆ ಅಂಜಬೇಕಾಗಿಲ್ಲ. ಏಣಿ ಮತ್ತು ಮರದ ಅಲ್ಪ ಹೊತ್ತಿನ ಕೆಲಸಕ್ಕೆ ಅಂಜಬೇಕು. ಕುಳಿತು ಏಳುವುದು, ಹದವಾಗಿ ಭಾರ ಎತ್ತುವುದು ಮುಂತಾದ ಅಭ್ಯಾಸವನ್ನು ಬಿಡದಿದ್ದರೆ ಯಾವ ವಯಸ್ಸಿನಲ್ಲೂ ಬಲ ಒಂದಿಷ್ಟು ಮರಳಿ ಬರುತ್ತದೆ.

ತೋಟದಲ್ಲಿ ಪಾಲಿಸಬಹುದಾದ ಕೆಲವು ಕ್ರಮಗಳು

1. ಕೊನೆಗಾರರು ಕೆಲವು ಮರಗಳಿಗೊಮ್ಮೆ ಕೆಳಗಿಳಿದು, ಕನಿಷ್ಠ ಐದು ನಿಮಿಷ ಬೆರಳು ಬಿಡಿಸಿ ಕೈ ಜೋತುಬಿಟ್ಟು ಕೊಡವಲಿ. ರಕ್ತ ಹರಿಯಬೇಕಾದರೆ ಹಿಡಿತ ಪೂರ್ತಿ ಸಡಿಲಾಗಬೇಕು. ಸೊಂಟದ ಸುರಕ್ಷಾ ಪಟ್ಟಿ ಬಳಸಿದರೆ ಬೆರಳಿನ ಮೇಲಿನ ಭಾರ ಇಳಿಯುತ್ತದೆ. ಬೆರಳು ಸೋತರೂ ಜೀವ ಉಳಿಯುತ್ತದೆ.

2. ದೋಟಿ ಹಿಡಿಯುವವರೂ ಕಳೆ ಯಂತ್ರ ಹಿಡಿಯುವವರೂ ಇಬ್ಬಿಬ್ಬರಾಗಿ ಇದ್ದು ಆಗಾಗ ಕೆಲಸ ಬದಲಾಯಿಸಿಕೊಳ್ಳಲಿ. ದೋಟಿ ಬಿಟ್ಟವರು ಕೊನೆ ಆಯಲಿ. ಬೇರೆ ಸ್ನಾಯು ದುಡಿಯುವಾಗ ಸೋತ ಸ್ನಾಯು ಚೇತರಿಸಿಕೊಳ್ಳುತ್ತದೆ.

3. ಭಾರದ ಕೆಲಸ, ಏಣಿಯ ಕೆಲಸ ಬೆಳಿಗ್ಗೆ. ಆಯುವುದು, ಗುಡಿಸುವುದು, ಹರಡುವುದು ಸಂಜೆ. ದೊಡ್ಡ ಮೂಟೆಗಿಂತ ಎರಡು ಸಣ್ಣ ಹೊರೆ ಮೇಲು.

4. ಮಧ್ಯಾಹ್ನದ ಊಟದ ಬಿಡುವಿನ ಜೊತೆಗೆ ಗಂಟೆಗೊಮ್ಮೆ ಐದು ನಿಮಿಷದ ಬಿಡುವು ಇರಲಿ. ಕಿಲೋ ಲೆಕ್ಕದಲ್ಲಿ ಕೊಯ್ಯುವವರು ತಾವಾಗಿ ನಿಲ್ಲಲಾರರು. ನಿಂತಷ್ಟು ಹಣ ಹೋಯಿತೆಂದು ಅವರಿಗೆ ಅನಿಸುತ್ತದೆ. ಅಲ್ಲಿ ಯಜಮಾನರೇ ನೀರು ಕೊಡುವ ನೆಪದಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದು ಒಳ್ಳೆಯದು.

5. ಸ್ನಾಯು ಬಳಸುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಕೆಲಸವಾಗುತ್ತದೆ, ಮುಕ್ಕಾಲು ಭಾಗ ಶಾಖವಾಗುತ್ತದೆ. ಅದನ್ನು ಹೊರಹಾಕಲು ಬೆವರು ಬೇಕು, ಬೆವರಿಗೆ ನೀರು ಬೇಕು. ಬಿಸಿಲಿನ ದಿನಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಗಂಜಿತಿಳಿ ಯೋಗ್ಯ.

6. ಕೊಯ್ಲಿನ ಮೊದಲ ವಾರ ಪೂರ್ಣ ಕೆಲಸವನ್ನು ನಿರೀಕ್ಷಿಸಬಾರದು. ಸ್ನಾಯು ಹೊಸ ಕೆಲಸಕ್ಕೆ ಹೊಂದಿಕೊಳ್ಳಲು ದಿನಗಳಲ್ಲ, ವಾರಗಳು ಬೇಕು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಸುರಕ್ಷಾ ಪಟ್ಟಿಯೊಂದನ್ನು ಬಿಟ್ಟರೆ ಉಳಿದದ್ದು ಕೆಲಸದ ಕ್ರಮ ಬದಲಾಯಿಸುವ ಮಾತು. ಎಂಟು ಗಂಟೆಯ ದಿನದಲ್ಲಿ ಗಂಟೆಗೆ ಐದು ನಿಮಿಷವೆಂದರೆ ಒಟ್ಟು ನಲವತ್ತು ನಿಮಿಷ. ಕೊನೆಯ ಎರಡು ಗಂಟೆ ಆಳುಗಳು ಕಾಲೆಳೆದುಕೊಂಡು ಕೊಯ್ಯುವುದನ್ನು ಕಂಡವರಿಗೆ ಆ ನಲವತ್ತು ನಿಮಿಷ ಎಲ್ಲಿ ವಾಪಸು ಬರುತ್ತದೆಂಬುದು ಗೊತ್ತೇ ಇದೆ.

ಈ ಹಂಗಾಮಿನಲ್ಲಿ ಸದಸ್ಯ ಬಾಂಧವರು ಒಂದು ಪಟ್ಟೆಯಲ್ಲಾದರೂ ಇದನ್ನು ಪಾಲಿಸಿ, ಬಿಡುವು ಕೊಟ್ಟ ದಿನ ಎಷ್ಟು ಹಣ್ಣಾಯಿತು, ಕೊಡದ ದಿನ ಎಷ್ಟಾಯಿತು ಎಂದು ಬರೆದಿಡಬೇಕೆಂದು ನಮ್ಮ ಕೋರಿಕೆ. ಆ ಲೆಕ್ಕವನ್ನು ಸಂಘದ ಕಚೇರಿಗೆ ಕಳುಹಿಸಿದರೆ ಕೊಯ್ಲು ಮುಗಿದ ಮೇಲಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಪ್ರಕಟಿಸುತ್ತೇವೆ.